ಅಯ್ಯನವರ ಕಾಲ್ಗುಣ

ಮಾವಿನಮಿಡಿ ಉಪ್ಪಿಗೆ ಬೀಳುವ ಹೊತ್ತಿಗೆ ಕರಾವಳಿಯ ನಮ್ಮ ಸಿಎಸ್‌ಐ ಸಭೆಗಳಲ್ಲಿ ಇನ್ನೊಂದು ಸಂಗತಿಯೂ ಹುಳಿಯೇರತೊಡಗುತ್ತದೆ. ಈ ಸಲ ನಮ್ಮ ಅಯ್ಯನವರಿಗೆ, ಅಂದರೆ ಪಾದ್ರಿಗಳಿಗೆ, ವರ್ಗವಂತೆ, ಬರುವವರು ಯಾರಂತೆ? ಬಿಷಪ್ಪರ ಕಚೇರಿಯಿಂದ ಪಟ್ಟಿ ಹೊರಡುವ ಮೊದಲೇ ಚರ್ಚಿನ ಮೆಟ್ಟಿಲ ಮೇಲೆ ನಮ್ಮ ಪಟ್ಟಿ ಸಿದ್ಧ. ಅದರಲ್ಲಿ ಹೆಸರುಗಳಿರುವುದಿಲ್ಲ, ಗುಣಗಳಿರುತ್ತವೆ. ಕ್ವಾಯರಿನವರಿಗೆ ಶ್ರುತಿ ಬಿಡದೆ ಹಾಡುವವರು ಬೇಕು. ಹುಡುಗರಿಗೆ ಗಿಟಾರ್ ಕಂಡರೆ ಮುಖ ಸಿಂಡರಿಸದವರು ಬೇಕು. ಖಜಾಂಚಿಗೆ ಕಟ್ಟಡ ಕಟ್ಟಿಸುವ ಹುಚ್ಚಿಲ್ಲದವರು ಬೇಕು. ಕಟ್ಟಡ ಸಮಿತಿಯವರಿಗೆ ಅದೇ ಹುಚ್ಚಿನವರು ಬೇಕು. ಇನ್ನು ಪ್ರಸಂಗ ಇಪ್ಪತ್ತು ನಿಮಿಷ ಮೀರಬಾರದು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಭಾನುವಾರ ಒಳ್ಳೆಯ ಅಂಜಲ್ ಮೀನು ನಮ್ಮ ಆರಾಧನೆ ಮುಗಿಯಲಿ ಎಂದು ಮಾರ್ಕೆಟ್ಟಿನಲ್ಲಿ ಕಾಯುತ್ತ ಕೂರುವುದಿಲ್ಲವಲ್ಲ.

ಪಟ್ಟಿ ಮಾಡುವ ಚಾಳಿ ನಮ್ಮಿಂದ ಶುರುವಾದದ್ದಲ್ಲ. ಎಫೆಸದಲ್ಲಿದ್ದ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲನೇ ಒಂದು ಉದ್ದ ಪಟ್ಟಿ ಕೊಟ್ಟಿದ್ದಾನೆ. ಸಭೆಯನ್ನು ನೋಡಿಕೊಳ್ಳುವವನು ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ದುಡ್ಡಿನ ಆಸೆ ಕೂಡದು, ಬಂದವರನ್ನು ಉಪಚರಿಸಬೇಕು, ಕಲಿಸಿಕೊಡಲು ಬರಬೇಕು, ತನ್ನ ಮನೆಯನ್ನು ನೆಟ್ಟಗೆ ನಡೆಸುತ್ತಿರಬೇಕು, ಹೊರಗಿನವರ ಬಾಯಲ್ಲೂ ಒಳ್ಳೆಯವನೆನಿಸಿಕೊಂಡಿರಬೇಕು. ಹೆಚ್ಚುಕಡಿಮೆ ಅಳಿಯನಾಗುವವನಲ್ಲಿ ನಾವು ಹುಡುಕುವುದೂ ಇದನ್ನೇ. ಪೌಲ ಬಿಟ್ಟ ಗುಣವೆಂದರೆ ಗಟ್ಟಿಮುಟ್ಟಾದ ಹೊಟ್ಟೆ. ಪಾಪ, ತಿಮೊಥೆಯನಿಗೆ ಅದಿರಲಿಲ್ಲ. ಅದೇ ಪತ್ರದ ಐದನೆಯ ಅಧ್ಯಾಯದಲ್ಲಿ, ಹೊಟ್ಟೆಯ ತೊಂದರೆಗೆ ತುಸು ದ್ರಾಕ್ಷಾರಸ ಕುಡಿಯಬೇಕೆಂದು ಪೌಲ ಅವನಿಗೆ ಮದ್ದು ಹೇಳುತ್ತಾನೆ. ಹೊಟ್ಟೆ ಕೆಟ್ಟದ್ದೇಕೆಂದು ಬರೆದಿಲ್ಲ. ಮನೆಮನೆ ಭೇಟಿಯಿಂದಲೇ ಇರಬೇಕೆಂದು ನನ್ನ ಗುಮಾನಿ.

ಬಾಲ್ಯದಿಂದ ಎಷ್ಟೋ ಅಯ್ಯನವರು ಬಂದುಹೋದುದನ್ನು ಕಂಡು ನನ್ನ ಸ್ವಂತ ಪಟ್ಟಿ ಸವೆದು ಸವೆದು ಒಂದೇ ಗುಣಕ್ಕೆ ಇಳಿದಿದೆ. ಅದು ಕಂಠವಲ್ಲ, ನಾಲಗೆಯಲ್ಲ, ಹೆಸರಿನ ಹಿಂದಿನ ಬಿ.ಡಿ. ಪದವಿಯೂ ಅಲ್ಲ. ಕಾಲು. ಜನರ ಮನೆಗೆ ಹೋಗುವ ಕಾಲು.

ಇದನ್ನು ಹೇಳಿದರೆ ನಮ್ಮ ಮಂಗಳೂರಿನವರಿಗೆ ಸಮಾಧಾನವಾಗುವುದಿಲ್ಲ. ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ನಮ್ಮ ನಿರೀಕ್ಷೆಯನ್ನು ಕೆಡಿಸಿಬಿಟ್ಟಿದ್ದಾರೆ. ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದರು, ದಾಸರ ಪದಗಳನ್ನು ಸಂಗ್ರಹಿಸಿ ಮುದ್ರಿಸಿದರು. ಕಿಟೆಲ್ 1894ರಲ್ಲಿ ಆ ಭಾರಿ ನಿಘಂಟನ್ನೇ ಮುಂದಿಟ್ಟರು. ಅಂಥವರನ್ನು ಕಂಡ ಊರಿಗೆ ಬರುವ ಪಾದ್ರಿ ವಿದ್ವಾಂಸರೇ ಆಗಿರಬೇಕೆಂದು ಒಳಗೊಳಗೇ ಹಠ. ಆದರೆ 1834ರಲ್ಲಿ ಮೊದಲು ಬಂದಿಳಿದ ಮೂವರಲ್ಲಿ ಒಬ್ಬರಾದ ಹೆಬಿಕ್ ಅವರನ್ನು ನಾವು ಮರೆಯುತ್ತೇವೆ. ಆ ಉದ್ದ ಗಡ್ಡದ ಮನುಷ್ಯನಿಗೆ ಇಲ್ಲಿನ ಭಾಷೆಗಳು ಸರಿಯಾಗಿ ಒಲಿಯಲೇ ಇಲ್ಲ; ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಪ್ರಸಂಗ ಮಾಡುತ್ತಿದ್ದರು. ಮುಂದೆ ಕಣ್ಣೂರಿನಲ್ಲಿದ್ದಾಗ, ಕರೆಯಲಿ ಬಿಡಲಿ, ಬ್ರಿಟಿಷ್ ಸೈನ್ಯಾಧಿಕಾರಿಗಳ ಬಂಗಲೆಗಳಿಗೆ ನೇರ ನಡೆದುಹೋಗಿ ಕುರ್ಚಿ ಎಳೆದು ಕೂರುತ್ತಿದ್ದರಂತೆ. ಕೊನೆಗೆ ಒಂದು ಪಲ್ಟನಿಗೆ ಅವರ ಹೆಸರೇ ಅಡ್ಡಹೆಸರಾಗಿ ಅಂಟಿಕೊಂಡಿತು. ನಿಘಂಟು ಬರೆದವರಿಗೂ ಆ ಮರ್ಯಾದೆ ಸಿಕ್ಕಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದ ಅಯ್ಯನವರು ಮಂಡ್ಯದ ಕಡೆಯವರು. ನಮ್ಮ ಡಯಾಸಿಸ್ಸಿನಲ್ಲಿ ಕರಾವಳಿಯೂ ಇದೆ, ಮೈಸೂರು ಸೀಮೆಯೂ ಇದೆ. ಮುದ್ದೆಯ ಊರಿನಿಂದ ಕುಚ್ಚಲಕ್ಕಿ ಗಂಜಿಯ ಊರಿಗೆ ವರ್ಗವಾಗುವುದು ಅಪರೂಪವಲ್ಲ. ಬಂದ ಮೊದಲ ವಾರವೇ ಯಾರದೋ ಮನೆಯಲ್ಲಿ ಬೂತಾಯಿ ಪುಳಿಮುಂಚಿ ಬಡಿಸಿದರು. ಮುಳ್ಳು ಬಿಡಿಸಲು ಬಾರದೆ ಅವರು ಪಟ್ಟ ಪಾಡನ್ನು ಅಯ್ಯನವರ ಹೆಂಡತಿಯೇ ಎಲ್ಲರಿಗೂ ನಟಿಸಿ ತೋರಿಸಿದರು. ಪ್ರಸಂಗವೋ, ದೇವರೇ ಗತಿ. ಮೋಶೆಯನ್ನು ಹಿಡಿದು ಹೊರಟರೆ ಕೆಂಪು ಸಮುದ್ರ ದಾಟಿಸುವಷ್ಟರಲ್ಲಿ ನಮಗೆಲ್ಲ ತೂಕಡಿಕೆ.

ಆದರೆ ಸೋಮವಾರ ಬೆಳಗಾದರೆ ಆ ಮನುಷ್ಯ ಹಳೆಯ ಸ್ಕೂಟರ್ ಹತ್ತಿ ಹೊರಡುತ್ತಿದ್ದರು. ರಸ್ತೆ ಮುಗಿದಲ್ಲಿ ಸ್ಕೂಟರ್ ನಿಲ್ಲಿಸಿ, ಪ್ಯಾಂಟು ಮಡಚಿ, ಗದ್ದೆಯ ಬದುವಿನ ಮೇಲೆ ನಡೆದೇ ಬರುತ್ತಿದ್ದರು. ಚರ್ಚಿನಲ್ಲಿ ನಮ್ಮದು ಕನ್ನಡ, ಮನೆಯಲ್ಲಿ ತುಳು. ದುಃಖ ಬಂದರಂತೂ ತುಳುವೇ. ಅದನ್ನು ಅರಿತು ಅವರು ತುಳು ಕಲಿಯಲು ಹೊರಟರು. ಎಂಬತ್ತು ದಾಟಿದ ನನ್ನ ದೊಡ್ಡಮ್ಮನ ಎದುರು ಕೈಮುಗಿದು ನಿಂತು, ಬಹುವಚನ ಬಿಟ್ಟು, ಸಣ್ಣ ಹುಡುಗಿಯನ್ನು ಕೇಳುವಂತೆ "ಎಂಚ ಉಲ್ಲ?" ಎಂದರು. ಅಣ್ಣ ನಾಲಗೆ ಕಚ್ಚಿಕೊಂಡು, "ಅಯ್ಯನವರೇ, 'ಎಂಚ ಉಲ್ಲರ್' ಅನ್ನಬೇಕು" ಎಂದ. ದೊಡ್ಡಮ್ಮ ಅವನನ್ನೇ ಗದರಿದರು: "ಸುಮ್ಮನಿರು ಮಾರಾಯಾ! ನನ್ನನ್ನು ಹಾಗೆ ಕೇಳುವವರೆಲ್ಲ ಮಣ್ಣಿಗೆ ಹೋಗಿ ಎಷ್ಟೋ ಕಾಲವಾಯ್ತು. ಇವರೊಬ್ಬರಾದರೂ ಕೇಳಲಿ." ಅಂದಿನಿಂದ ಅವರ ತುಳುವನ್ನು ಯಾರೂ ತಿದ್ದಲಿಲ್ಲ. ಅದು ಸುಧಾರಿಸಲೂ ಇಲ್ಲ.

ನನ್ನ ಅಪ್ಪ ತೀರಿಕೊಂಡ ರಾತ್ರಿ ಜಡಿಮಳೆ, ಕರೆಂಟಿಲ್ಲ. ಅಯ್ಯನವರು ಟಾರ್ಚ್ ಹಿಡಿದು ಒದ್ದೆಯಾಗಿ ಬಂದರು. ಬೈಬಲ್ ಬಗಲಲ್ಲೇ ಇತ್ತು, ತೆರೆಯಲಿಲ್ಲ. ಅಮ್ಮನ ಪಕ್ಕ ನೆಲದ ಮೇಲೆ ಕುಳಿತರು. ಬಹಳ ಹೊತ್ತಾದ ಮೇಲೆ ಅವರು ಆಡಿದ ಮೊದಲ ಮಾತು, "ಮಕ್ಕಳು ಊಟ ಮಾಡಿದವಾ?" ಯಾರೂ ಮಾಡಿರಲಿಲ್ಲ. ಆ ಗಡಿಬಿಡಿಯಲ್ಲಿ ಒಲೆ ಹಚ್ಚಿ ಗಂಜಿಗೆ ಇಟ್ಟದ್ದು ಆ ಮಾತಿನಿಂದ. ಮರುದಿನ ಸಮಾಧಿಯ ಬಳಿ ಅವರು ಏನು ಪ್ರಸಂಗ ಮಾಡಿದರೋ ನನಗೆ ಒಂದಕ್ಷರ ನೆನಪಿಲ್ಲ.

ಅವರ ನಂತರ ಬಂದ ಒಬ್ಬರು ಪ್ರಸಂಗದಲ್ಲಿ ಸಿಂಹ. ಚರ್ಚು ತುಂಬಿ ವರಾಂಡಕ್ಕೂ ಕುರ್ಚಿ ಹಾಕಿಸಬೇಕಾಯಿತು. ಮೀನು ತಪ್ಪಿದರೂ ಯಾರೂ ಗೊಣಗಲಿಲ್ಲ. ಮನೆಗೆ ಮಾತ್ರ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಸರಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದೊಂದಿಗೆ ಒಂದು ವಚನ ಬರುತ್ತಿತ್ತು. ಕಾಯಿಲೆ ಬಿದ್ದವರಿಗೆ ಮುಗಿದ ಕೈಗಳ ಚಿತ್ರ. ಅವರು ವರ್ಗವಾಗಿ ಹೋದಾಗ ದೊಡ್ಡ ಸನ್ಮಾನವಾಯಿತು, ಶಾಲು ಹೊದೆಸಿದೆವು, ಫೋಟೋ ತೆಗೆದೆವು. ಕಣ್ಣಲ್ಲಿ ನೀರು ಬಂದವರು ಯಾರೂ ನನಗಂತೂ ಕಾಣಲಿಲ್ಲ.

ಬೆಳೆಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗಾಗಿ ಎರಡು ಮನೆತನಗಳು ಹಠಕ್ಕೆ ಬಿದ್ದಾಗ ನಗಿಸಿ ಬಿಡಿಸುವ ಜಾಣತನ, ಸಮಿತಿಯ ಸಭೆಯಲ್ಲಿ ಹಳೆಯ ನಡಾವಳಿ ಪುಸ್ತಕ ತೆಗೆಯುವವರೆದುರು ತಾಳ್ಮೆ, ಇವೆಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಮನೆಗಳಿಗೆ ಹೋಗಿ ಬಂದವರಿಗೆ ಅವು ತಾವಾಗಿಯೇ ಬರುತ್ತವೆ. ಯಾವ ಕುಂಬಳಕಾಯಿಯ ಹಿಂದೆ ಯಾವ ಪಾಲುಪಟ್ಟಿಯ ಜಗಳವಿದೆಯೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಈಗ ಹೆಣ್ಣುಮಕ್ಕಳೂ ಸಭಾಪಾಲಕರಾಗಿ ಬರುತ್ತಿದ್ದಾರೆ. ಚಾವಡಿಯಲ್ಲೇ ನಿಲ್ಲುತ್ತಿದ್ದ ಅಯ್ಯನವರ ಕಾಲು ಹೀಗೆ ಮೊದಲ ಸಲ ಅಡುಗೆಮನೆಯವರೆಗೂ ಹೋಗಿದೆ. ಸಭೆಯ ಅಸಲು ಸಮಾಚಾರವೆಲ್ಲ ಇರುವುದು ಅಲ್ಲಿಯೇ.

ಮಂಡ್ಯದ ಅಯ್ಯನವರು ಹೊರಡುವ ದಿನ ಲಾರಿಗೆ ಸಾಮಾನು ಏರಿಸುತ್ತಿದ್ದಾಗ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಇಲ್ಲಿಗೆ ಬಂದ್ಮೇಲೇ ಇವ್ರಿಗೆ ಸಕ್ಕರೆ ಕಾಯಿಲೆ ಸುರುವಾಗಿದ್ದು." ಮನೆಗೊಂದು ಲೋಟದಂತೆ ನಾವೆಲ್ಲ ಕುಡಿಸಿದ್ದು, ಪಾದ್ರಿಗಳೆಂಬ ಗೌರವಕ್ಕೆ ಒಂದು ಚಮಚ ಹೆಚ್ಚೇ ಹಾಕಿದ ಚಹಾ. ಬೇಡವೆಂದರೆ ಮನೆಯವರಿಗೆ ಬೇಸರವೆಂದು ಅವರು ಎಲ್ಲಿಯೂ ಬೇಡವೆನ್ನಲಿಲ್ಲ. ನಾವು ಅವರ ಮನೆಗೆ ಹೋಗಿ "ನೀವು ಹೇಗಿದ್ದೀರಿ?" ಎಂದು ಕೇಳಿದ್ದೂ ಇಲ್ಲ.

ಈ ಜೂನ್‌ನಲ್ಲಿ ನಿಮ್ಮೂರಿಗೂ ಹೊಸಬರು ಬರಬಹುದು. ಮನೆಗೆ ಬಂದರೆ ಪ್ರಸಂಗದ ಉದ್ದ ಆಮೇಲೆ ಅಳೆಯಿರಿ. ಮೊದಲು ಚಹಾಕ್ಕೆ ಸಕ್ಕರೆ ಹಾಕಬಹುದೋ ಇಲ್ಲವೋ ಕೇಳಿಬಿಡಿ.