ಬಂಡಿಯ ಬಕಾಸುರ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಕಟ್ಟುತ್ತಿದ್ದ ರೈತ ಮೊದಲು ಅದಕ್ಕೆ ತುಂಬುತ್ತಿದ್ದುದು ತನ್ನ ಬುತ್ತಿಯನ್ನಲ್ಲ, ಎತ್ತಿನ ಹುಲ್ಲನ್ನು. ಬಂಡಿಯೇ ಮನೆಯಾದಾಗ ಅದನ್ನು ನಡೆಸುವ ಜೀವದ ಹೊಟ್ಟೆಯ ಚಿಂತೆಯೇ ಮೊದಲನೆಯದು. ಈಗ ಎತ್ತಿಲ್ಲದ ಮನೆಬಂಡಿಗಳು ಬಂದಿವೆ. ಹೊಟ್ಟೆಯ ಚಿಂತೆ ಮಾತ್ರ ತಪ್ಪಿಲ್ಲ.

ದೊಡ್ಡಬಳ್ಳಾಪುರದಲ್ಲಿರುವ ನಮ್ಮಣ್ಣ ನಿವೃತ್ತನಾದ ಮೇಲೆ, ಸಾರಿಗೆ ಕಚೇರಿಯ ಅನುಮತಿ ಪಡೆದು, ಹಳೆಯ ಟೆಂಪೋ ಟ್ರಾವೆಲರೊಂದನ್ನು ಮನೆಬಂಡಿ ಮಾಡಿಸಿದ. ಮಂಚ, ಒಲೆ, ಪುಟ್ಟ ಫ್ರಿಜ್ಜು, ಇವೆಲ್ಲ ವಿನೋದ. ವಿನೋದವಲ್ಲದ್ದು ಒಂದಿದೆ. ಅಣ್ಣನಿಗೆ ನಿದ್ದೆಯಲ್ಲಿ ನಡುನಡುವೆ ಉಸಿರು ನಿಲ್ಲುವ ರೋಗ. ರಾತ್ರಿಯೆಲ್ಲ ಗಾಳಿಯೊತ್ತುವ ಯಂತ್ರ ನಡೆಯಬೇಕು. ಇಲ್ಲವಾದರೆ ಅತ್ತಿಗೆ ಎದ್ದು ಕೂತು ಅವನ ಉಸಿರು ಎಣಿಸುತ್ತಾರೆ. ಆ ಯಂತ್ರಕ್ಕೆ ಬೇಕಾದದ್ದು ಸುಮಾರು 40 ವ್ಯಾಟ್. ಎಂಟು ಗಂಟೆಗೆ 320 ವ್ಯಾಟ್-ಗಂಟೆ. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಹಿಡಿಯುವುದು 1,280 ವ್ಯಾಟ್-ಗಂಟೆ. ಮೂರು ರಾತ್ರಿಗೆ ಧಾರಾಳ. ಆದರೆ ತುಂಬಿದ್ದರೆ ತಾನೆ?

ಅಂಗಡಿಯೊಂದರವರು ಹಳೆಯ ಸೀಸದ ಬ್ಯಾಟರಿ ಕಿತ್ತು, ಅದೇ ತಂತಿಗೆ ಲಿಥಿಯಂ ಬ್ಯಾಟರಿ ಬಿಗಿದು ಕಳಿಸಿದ್ದರು. ಶಿವಗಂಗೆಗೆ ಹೊರಟವರು ದಾಬಸ್‌ಪೇಟೆ ಮುಟ್ಟುವ ಮೊದಲೇ ಸುಟ್ಟ ವಾಸನೆ ಹಿಡಿದು ಹಿಂತಿರುಗಿದರು. “ಇನ್ನು ಯಾವ ಕ್ಷೇತ್ರವೂ ಬೇಡ” ಎಂದರು ಅತ್ತಿಗೆ.

ಬ್ಯಾಟರಿ ಕೆಲಸದಲ್ಲೇ ತಲೆ ನರೆತ ನಮ್ಮೂರಿನ ಮೇಸ್ತ್ರಿಯೊಬ್ಬರು ನೋಡಿ ನಕ್ಕರು. “ಮೇಷ್ಟ್ರೇ, ಸೀಸದ್ದು ನೆಂಟರ ಹಾಗೆ, ಹೊಟ್ಟೆ ತುಂಬ್ತಾ ಬಂದಂಗೆ ಸಾಕು ಸಾಕು ಅಂತದೆ. ಇದು ಬಕಾಸುರ. ಬಂಡಿ ಅನ್ನ ತಂದರೂ ಒಂದೇ ಸಮ ಎಳೀತದೆ. ಬಡಿಸೋನೇ ಬಿದ್ದುಹೋಗ್ತಾನೆ.”

ಪುರಾಣದಂತಿದ್ದರೂ ಮಾತು ವಿಜ್ಞಾನವೇ. ಲಿಥಿಯಂ ಬ್ಯಾಟರಿಯ ಒಳತಡೆ ಬಹಳ ಕಡಿಮೆ; ಬಹುಮಟ್ಟಿಗೆ ತುಂಬುವವರೆಗೂ ಕೊಟ್ಟಷ್ಟೂ ವಿದ್ಯುತ್ತನ್ನು ಸೆಳೆಯುತ್ತದೆ. ಎಂಜಿನ್ನಿನ ಆಲ್ಟರ್ನೇಟರು ಗಂಟೆಗಟ್ಟಲೆ ಪೂರ್ಣಶಕ್ತಿಯಲ್ಲಿ ದುಡಿಯಲು ಹುಟ್ಟಿದ್ದಲ್ಲ. ನಿಂತ ಬಂಡಿಯಲ್ಲಂತೂ ಅದರ ಫ್ಯಾನು ನಿಧಾನ, ಕಾವು ಹೆಚ್ಚು. ಇತ್ತ ಬ್ಯಾಟರಿಯೊಳಗಿನ ಕಾವಲು ಮಂಡಲ ಥಟ್ಟನೆ ಬಾಗಿಲು ಹಾಕಿದರೆ, ದಿಕ್ಕುಗಾಣದ ವೋಲ್ಟೇಜು ಚಿಮ್ಮಿ ಆಲ್ಟರ್ನೇಟರಿನ ಡಯೋಡುಗಳನ್ನು ಕೆಡಿಸಬಹುದು. ಪರಿಹಾರವೆಂದರೆ ನಡುವೆ ಒಬ್ಬ ಹದವರಿತ ಅಡುಗೆಯವನು: ಡಿಸಿ-ಡಿಸಿ ಚಾರ್ಜರು. ಅದು 30 ಆಂಪಿಯರಿಗೆ ಮಿತಿ ಹಾಕಿ, 14.4 ವೋಲ್ಟಿನವರೆಗೆ ಉಣಿಸಿ, ಸೌಟು ಕೆಳಗಿಡುತ್ತದೆ. ಪೂರ್ತಿ ತುಂಬಲು ಮೂರೂವರೆ ಗಂಟೆ ಹಿಡಿದೀತು. ಹಿಡಿಯಲಿ.

ಸೀಸಕ್ಕೂ ಇದಕ್ಕೂ ಸ್ವಭಾವದಲ್ಲೇ ಭೇದವುಂಟು. ಸೀಸವನ್ನು ಅರೆಹೊಟ್ಟೆಯಲ್ಲಿ ಬಿಟ್ಟರೆ ಒಳಗೆ ಸಲ್ಫೇಟು ಗಟ್ಟಿಯಾಗಿ ಸಾಯುತ್ತದೆ. ಲಿಥಿಯಂಗೆ ಅರೆಹೊಟ್ಟೆಯೇ ಆರೋಗ್ಯ; ತಿಂಗಳುಗಟ್ಟಲೆ ಬಂಡಿ ನಿಲ್ಲಿಸುವಾಗ ಅರ್ಧ ತುಂಬಿಸಿಟ್ಟರೆ ಒಳ್ಳೆಯದು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾತ್ರ ಉಣಿಸಬಾರದು. ಆ ಭಯ ಲಡಾಖಿಗೆ ಹೋಗುವವರಿಗೆ, ನಮ್ಮ ಬಯಲುಸೀಮೆಗಲ್ಲ.

ಈ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯ ಮೂಲವನ್ನು 1997ರಲ್ಲಿ ಪ್ರಕಟಿಸಿದ ತಂಡದ ಹಿರಿಯರು ಜಾನ್ ಗುಡ್‌ಇನಫ್. 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ಆ ಹೆಸರನ್ನು ಕನ್ನಡಿಸಿದರೆ ‘ಇಷ್ಟಾದರೆ ಸಾಕು’ ಎಂದಾಗುತ್ತದೆ. ಬಕಾಸುರನನ್ನು ಸಾಕುವವರಿಗೆ ಇದಕ್ಕಿಂತ ದೊಡ್ಡ ಉಪದೇಶ ಬೇಕೆ?

ಚಾರ್ಜರು ಬಂದ ಮೇಲೆ ಅಣ್ಣ-ಅತ್ತಿಗೆ ಶಿವಗಂಗೆಯ ತಪ್ಪಲಲ್ಲಿ ಎರಡು ರಾತ್ರಿ ತಂಗಿ ಬಂದರು. “ಬೆಟ್ಟ ಹೇಗಿತ್ತು ಅತ್ತಿಗೆ?” ಎಂದು ಕೇಳಿದೆ.

“ಬೆಟ್ಟ ಯಾರು ನೋಡಿದರಪ್ಪ,” ಎಂದರು, “ಒಳ್ಳೇ ನಿದ್ದೆ ಬಂತು.”