ಮನೆಯೊಳಗಣ ಕಚೇರಿ

ಕಚೇರಿಯೆಂದರೆ ಊಟ ಮುಗಿಸಿ, ಕೊಡೆ ಹಿಡಿದು, ಮನೆಯಿಂದ ಹೊರಟು ಸೇರತಕ್ಕ ಸ್ಥಳವೆಂಬ ಭಾವನೆ ಈ ನಾಡಿನಲ್ಲಿ ಬಹಳ ಹಳೆಯದೇನೂ ಅಲ್ಲ. ಹಿಂದೆ ಶಾನುಭೋಗರು ತಮ್ಮ ಮನೆಯ ಜಗಲಿಯ ಮೇಲೆ ಕುಳಿತೇ ಗ್ರಾಮದ ಲೆಕ್ಕವನ್ನು ಬರೆಯುತ್ತಿದ್ದರು. ಅವರ ಸಾಮಗ್ರಿಯಾದರೂ ಎಷ್ಟು? ಒಂದು ಚಾಪೆ, ಹುಣಿಸೆಬೀಜದ ಸರಿಯಲ್ಲಿ ಇದ್ದಲ ಪುಡಿಯನ್ನು ಕಲಸಿ ಬಳಿದು ಮಡಿಕೆ ಮಡಿಕೆಯಾಗಿ ಮಡಿಸಿದ ಬಟ್ಟೆಯ ಕಡತ, ಒಂದು ಬಳಪ. ಅಂಗಡಿಯ ಗುಮಾಸ್ತೆಯಾದರೆ ಇದರ ಜೊತೆಗೆ ಒಂದು ಗಾದಿ, ಒಂದು ಒರಗುದಿಂಬು, ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪಳಗಿದ ದೇಹಕ್ಕೆ ಅಷ್ಟೇ ಸಾಕಾಗಿತ್ತು. ಮೇಜು ಕುರ್ಚಿಗಳು ಇಂಗ್ಲಿಷರ ಕಚೇರಿಗಳೊಡನೆ ಬಂದುವು. ಬಹುಕಾಲ ಕಚೇರಿಗಳಲ್ಲಿಯೇ ಉಳಿದುವು. ಮನೆಯಲ್ಲಿ ಮೇಜೊಂದು ಇದ್ದರೆ ಅದು ಯಜಮಾನರದು, ಇಲ್ಲವೆ ಪರೀಕ್ಷೆಗೆ ಓದುವ ಹುಡುಗನದು. ಮನೆಯ ಹೆಂಗಸು ಬರೆಯುವುದಿದ್ದರೆ ಅಡಿಗೆಮನೆಯ ಹೊಸ್ತಿಲ ಬಳಿ ತೊಡೆಯ ಮೇಲೆ ಪುಸ್ತಕವನ್ನಿಟ್ಟುಕೊಂಡು ಬರೆದಳು.

೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕಚೇರಿಯ ಕೆಲಸವು ಮರಳಿ ಮನೆಗೆ ಬಂದಿತು. ಕೆಲಸ ಬಂದಿತೇ ಹೊರತು ಅದರ ಮೇಜು ಕುರ್ಚಿಗಳು ಬರಲಿಲ್ಲ. ಮೊದಲು ಸಾರಿದ್ದು ೨೧ ದಿನಗಳ ಮಾತು. ಅಷ್ಟಕ್ಕೆ ಯಾರು ತಾನೆ ಮೇಜು ಕೊಂಡಾರು?

ತುಮಕೂರಿನ ಒಂದು ಮನೆಯ ಸೊಸೆಯೂ ಹೀಗೆಯೇ ಎಣಿಸಿದಳು. ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿ ಹಿಂದಿರುಗುತ್ತಿದ್ದವಳು, ಈಗ ಕಚೇರಿಯವರು ಕೊಟ್ಟ ಲ್ಯಾಪ್‌ಟಾಪನ್ನು ಮಂಚದ ಮೇಲೆ ತೆರೆದು ಕುಳಿತಳು. ಬೆನ್ನು ನೊಂದಿತೆಂದು ಊಟದ ಮೇಜಿಗೆ ಬಂದಳು. ಅಲ್ಲಿಂದ ದಿನಕ್ಕೆ ಮೂರು ಬಾರಿ, ತಟ್ಟೆ ಬರುವ ಹೊತ್ತಿಗೆ, ಕಾಗದಪತ್ರಗಳೊಡನೆ ಏಳಬೇಕು. ರೈಲಿಗೆ ಹೋಗುತ್ತಿದ್ದಾಗ ಅವಳ ಉದ್ಯೋಗವನ್ನು ಉದ್ಯೋಗವೆಂದೇ ಎಣಿಸಿದ್ದ ಮನೆಯವರು, ಕಣ್ಣೆದುರಿಗೆ ಕುಳಿತು ಮಾಡುವಾಗ ಅದನ್ನು ಬಿಡುವೆಂದು ಎಣಿಸಿದರು. ಹಾಲಿನವನಿಗೆ ಬಾಗಿಲು ತೆರೆಯುವವಳು ಅವಳೇ. ಒಲೆಯ ಮೇಲಿನ ಹಾಲಿಗೆ ಕಾವಲು ನಿಲ್ಲುವವಳೂ ಅವಳೇ. ಕೆಟ್ಟತನದಿಂದ ಯಾರೂ ಹಾಗೆ ಮಾಡಿದ್ದಲ್ಲ. ಮೂರು ತಿಂಗಳಿಗೆ ಕತ್ತು ತಿರುಗದಂತಾಯಿತು. ಲೆಕ್ಕದಲ್ಲಿ ಎರಡು ಕಡೆ ತಪ್ಪು ಬಿದ್ದು ಬೆಂಗಳೂರಿನಿಂದ ಖಾರವಾದ ಪತ್ರ ಬಂದಿತು. ಇನ್ನೊಂದು ತಪ್ಪಾದರೆ ಕೆಲಸವೇ ಹೋದೀತೆಂಬ ಭಯ ಹುಟ್ಟಿದ ಮೇಲೆ, ತನ್ನ ಉಳಿತಾಯದಲ್ಲಿ ಎಂಟು ಸಾವಿರ ರೂಪಾಯಿಗಳನ್ನು ತೆಗೆದಿರಿಸಿ ಮನೆಯಲ್ಲೊಂದು ಕಚೇರಿಯನ್ನು ಹೂಡಲು ಅವಳು ನಿಶ್ಚಯಿಸಿದಳು.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಮೇಜನ್ನು ಕೊಂಡು ಕೈ ಬರಿದು ಮಾಡಿಕೊಳ್ಳುತ್ತಾರೆ. ಮೇಜಾದರೋ ವಸ್ತುಗಳನ್ನು ಹೊರುತ್ತದೆ, ಕುರ್ಚಿಯು ಮನುಷ್ಯನನ್ನು ಹೊರುತ್ತದೆ. ಹಲಗೆಯೊಂದಿದ್ದರೆ ಮೇಜಿಲ್ಲದೆಯೂ ನಡೆದೀತು: ಡಾರ್ವಿನ್ ಮಹಾಶಯನು ತನ್ನ ತೋಳುಕುರ್ಚಿಯ ಮೇಲೆ ಅಡ್ಡಲಾಗಿ ಹಲಗೆಯನ್ನಿಟ್ಟುಕೊಂಡೇ ಬರೆದನು. ಆದುದರಿಂದ ಹಣದ ದೊಡ್ಡ ಪಾಲು ಕುರ್ಚಿಗೆ ಸಲ್ಲತಕ್ಕದ್ದು. ಆಸನವು ಏರಿಳಿಯುವಂತಿರಬೇಕು; ಸೊಂಟದ ಬಳಿ ಬೆನ್ನಿಗೆ ಆಸರೆ ಇರಬೇಕು; ಅಂಗಾಲುಗಳು ಪೂರ್ತಿಯಾಗಿ ಊರಿರಬೇಕು; ಕೈಯನ್ನು ಕೀಲಿಮಣೆಯ ಮೇಲಿಟ್ಟಾಗ ಮೊಣಕೈ ಸರಿಸುಮಾರು ಲಂಬಕೋನದಲ್ಲಿ ನಿಲ್ಲಬೇಕು. ಆ ಕಾಲದಲ್ಲಿ ಬೆಂಗಳೂರಿನಲ್ಲಿ ಮುಚ್ಚಿಹೋದ ಕಚೇರಿಗಳ ಸಾಮಾನು ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದು ಬೀಳುತ್ತಿತ್ತು. ಅಂಥದೊಂದು ತಿರುಗುವ ಕುರ್ಚಿ ಅವಳಿಗೆ ೩,೨೦೦ ರೂಪಾಯಿಗೆ ಸಿಕ್ಕಿತು. ಯಾರ ಬೆನ್ನಿಗೆ ಆಸರೆಯಾಗಿದ್ದ ಕುರ್ಚಿಯೋ, ಅವರ ಕೆಲಸವೇನಾಯಿತೋ ಎಂದು ಅವಳು ಒಂದೆರಡು ದಿನ ನೆನೆದದ್ದುಂಟು.

ಮೇಜಿನದು ಬೇರೆಯೇ ಕಥೆ. ಮನೆಯ ಕಿಟಕಿಯ ಬಳಿ ಮಾವನವರ ತೇಗದ ಮೇಜಿದ್ದಿತು. ಅವರು ನಿವೃತ್ತ ಉಪಾಧ್ಯಾಯರು. ಮೇಜು ಅವರ ತಂದೆಯವರು ಮಾಡಿಸಿದ್ದು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ಅದರ ಮೇಲೆ ತಿದ್ದಿದ್ದರು. ಈಗ ಅದರ ಮೇಲೆ ಹಳೆಯ ವೃತ್ತಪತ್ರಿಕೆಗಳು, ಔಷಧಿಯ ಸೀಸೆಗಳು, ನಿಂತುಹೋದ ಒಂದು ಗಡಿಯಾರ. ಮೇಜನ್ನು ಬಳಸುವವರಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇಲ್ಲ. ಸೊಸೆಯು ಪಡಸಾಲೆಯ ಮೂಲೆಯಲ್ಲಿ ಹಲಗೆಯನ್ನು ಹೊಡೆಸಲು ಬಡಗಿಯನ್ನು ಕರೆಸಿದಳು. ಬಡಗಿಯು ಅಳತೆ ಹಿಡಿಯುವುದನ್ನು ಮಾವನವರು ಸ್ವಲ್ಪ ಹೊತ್ತು ನೋಡುತ್ತಿದ್ದು, ಸೀಸೆಗಳನ್ನು ಒಂದೊಂದಾಗಿ ಎತ್ತಿ ಗೂಡಿನಲ್ಲಿಡತೊಡಗಿದರು. "ಗೋಡೆಗೆ ಮೊಳೆ ಹೊಡೆಸಬೇಡಮ್ಮ, ಇದು ಇದೆಯಲ್ಲ" ಎಂದರು.

ಮೇಜಿನ ಎತ್ತರ ೩೦ ಅಂಗುಲ. ಐದಡಿಯ ಹೆಂಗಸಿಗೆ ಅದು ನಾಲ್ಕು ಅಂಗುಲ ಹೆಚ್ಚು. ಕಾಲುಗಳನ್ನು ಕೊಯ್ದರಾಯಿತೆಂದನು ಬಡಗಿ. "ಕೊಯ್ಯಲಿ" ಎಂದು ಮಾವನವರು ಕಿಟಕಿಯ ಕಡೆಗೆ ತಿರುಗಿ ಹೇಳಿದರು. "ಬೇಡ ಮಾವ" ಎಂದು ಸೊಸೆ ಗರಗಸವನ್ನು ಚೀಲಕ್ಕೆ ಸೇರಿಸಿದಳು. ಕುರ್ಚಿಯನ್ನೇ ನಾಲ್ಕು ಅಂಗುಲ ಏರಿಸಿದ್ದಾಯಿತು, ಕಾಲುಗಳು ಜೋತಾಡಿದುವು. ಆಗ ಅತ್ತೆಯವರು ಅಟ್ಟದಿಂದ ಎರಡು ಊಟದ ಮಣೆಗಳನ್ನು ಇಳಿಸಿ ತಂದರು. "ಇವು ಸೀಳು ಬಿಟ್ಟಿವೆ, ಶ್ರಾದ್ಧಕ್ಕೆ ಒಳ್ಳೆಯವು ಬೇರೆ ಇವೆ. ಕಾಲಿಟ್ಟುಕೋ" ಎಂದರು. ಒಂದರ ಮೇಲೊಂದಿಟ್ಟಾಗ ಸರಿಯಾಗಿ ನಾಲ್ಕು ಅಂಗುಲವಾಯಿತು. ಬಡಗಿಗೆ ವೈರು ಹಾಯಿಸುವ ತೂತೊಂದನ್ನು ಕೊರೆಯುವ ಕೆಲಸ ಮಾತ್ರ ಉಳಿಯಿತು. ೩೦೦ ರೂಪಾಯಿ.

ಲ್ಯಾಪ್‌ಟಾಪಿನ ದೋಷವೆಂದರೆ ತೆರೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದು. ಕೈಗೆ ಹಿತವಾದರೆ ಕತ್ತಿಗೆ ಬಗ್ಗು, ಕತ್ತಿಗೆ ಹಿತವಾದರೆ ಕೈಗೆ ಎತ್ತರ. ಬಿಡಿಯಾದ ಕೀಲಿಮಣೆಯೊಂದನ್ನು ಕೊಂಡು, ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಯಂತ್ರವನ್ನು ಎತ್ತರಿಸುವುದೇ ಇದಕ್ಕೆ ಉಪಾಯ. ಸೊಸೆಯು ನಿಘಂಟಿನ ಎರಡು ಸಂಪುಟಗಳನ್ನು ಅಡಿಗಿಟ್ಟಳು. ಮೇಜನ್ನು ಬಿಟ್ಟುಕೊಟ್ಟಿದ್ದ ಮಾವನವರು ಇದಕ್ಕೆ ಮಾತ್ರ ಒಪ್ಪಲಿಲ್ಲ. ತಾವೇ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಹುಡುಕಿ ತಂದರು. ಮೇಜನ್ನು ಕಿಟಕಿಗೆ ಅಡ್ಡಲಾಗಿ ತಿರುಗಿಸಿ, ಬೆಳಕು ಎಡಗಡೆಯಿಂದ ಬೀಳುವಂತೆ ಮಾಡಲಾಯಿತು. ಕಿಟಕಿ ಬೆನ್ನಿಗಿದ್ದರೆ ತೆರೆಯ ಮೇಲೆ ಝಳ, ಎದುರಿಗಿದ್ದರೆ ಕಣ್ಣಿಗೆ ಝಳ. ಕೀಲಿಮಣೆಗೆ ೯೦೦, ಮೇಜುದೀಪಕ್ಕೆ ೭೦೦, ಪ್ಲಗ್ಗುಗಳ ಉದ್ದದ ಬೋರ್ಡಿಗೆ ೪೫೦, ವಿದ್ಯುತ್ತು ಹೋದಾಗ ಅಂತರ್ಜಾಲದ ಪೆಟ್ಟಿಗೆಯನ್ನು ನಡೆಸುವ ಸಣ್ಣ ಬ್ಯಾಟರಿಗೆ ೧,೪೦೦. ಈ ಕೊನೆಯ ವಸ್ತುವನ್ನು ಬೆಂಗಳೂರಿನವರು ಬಿಡಬಹುದೇನೋ; ಜಿಲ್ಲೆಗಳಲ್ಲಿರುವವರು ಬಿಡಲಾಗದು.

ಇಷ್ಟಾದರೂ ಕಚೇರಿಯಾಗಲಿಲ್ಲ, ಬಾಗಿಲಿನ ಪ್ರಶ್ನೆ ಉಳಿದಿತ್ತು. ಜೇನ್ ಆಸ್ಟಿನ್ ೧೮೦೯ರಿಂದ ವಾಸವಾಗಿದ್ದ ಚಾಟನ್ ಗ್ರಾಮದ ಮನೆಯಲ್ಲಿ ಅವಳು ಬರೆದ ಆಕ್ರೋಟಿನ ಮರದ ಪುಟ್ಟ ಮೇಜು ಇಂದಿಗೂ ಇದೆ. ಹಜಾರದ ಬಾಗಿಲು ಕಿರುಗುಟ್ಟುವುದನ್ನು ಅವಳು ಸರಿಪಡಿಸಗೊಡಲಿಲ್ಲವೆಂದೂ, ಯಾರಾದರೂ ಬಂದರೆ ಆ ಸದ್ದಿಗೆ ಬರವಣಿಗೆಯನ್ನು ಮರೆಮಾಡುತ್ತಿದ್ದಳೆಂದೂ ಅವಳ ಸೋದರಳಿಯನು ಬರೆದಿದ್ದಾನೆ. ಕರ್ನಾಟಕದಲ್ಲಿ ನಂಜನಗೂಡು ತಿರುಮಲಾಂಬಾ ಅವರು (೧೮೮೭–೧೯೮೨) ಬಾಲ್ಯದಲ್ಲಿಯೇ ವಿಧವೆಯಾಗಿಯೂ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ನಡೆಸಿ, 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ಸಂಪಾದಿಸಿದರು. ಮಗಳ ಓದುಬರಹಕ್ಕೆ ತಂದೆಯವರು ಬೆಂಬಲವಾಗಿ ನಿಂತಿದ್ದರು. ಇಬ್ಬರ ಸಾಮಗ್ರಿಯಲ್ಲಿ ಹೆಚ್ಚು ವ್ಯತ್ಯಾಸವಿದ್ದಿರಲಾರದು. ಒಬ್ಬಳು ಬರೆದುದನ್ನು ಮುಚ್ಚಿಟ್ಟಳು, ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಪತ್ರಿಕೆಯನ್ನೇ ಹೊರಡಿಸಿದರು.

ತುಮಕೂರಿನ ಮನೆಯಲ್ಲಿ ಕಿಟಕಿಯ ಮಗ್ಗುಲಿಗೆ ಬಾಗಿಲೇ ಇಲ್ಲ. ಹಳೆಯ ಸೀರೆಯೊಂದನ್ನು ಹೊಲಿದು ಪರದೆ ಹಾಕಿದರು. ಪರದೆ ಇಳಿದಿರುವಾಗ ಹಾಲು ಉಕ್ಕಿದರೂ ಕರೆಯಕೂಡದೆಂದು ಅತ್ತೆಯವರು ಮಗನಿಗೆ ಮೊದಲು ಹೇಳಿದರು, ಆಮೇಲೆ ಯಜಮಾನರಿಗೆ. ಮೊದಲ ವಾರ ಎರಡು ಬಾರಿ ಹಾಲು ಉಕ್ಕಿತು. ಮೂರನೆಯ ವಾರದಲ್ಲಿ ಮಗನು ಒಲೆಯ ಬಳಿ ನಿಲ್ಲುವುದನ್ನು ಕಲಿತನು.

ಎಂಟು ಸಾವಿರದಲ್ಲಿ ೧,೦೫೦ ರೂಪಾಯಿ ಉಳಿಯಿತು. ಅದರಲ್ಲಿ ಇನ್ನೊಂದು ಮೇಜುದೀಪ ಬಂದಿತು, ಮಾವನವರಿಗೆ. ಸಂಜೆ ಆರರ ಮೇಲೆ ಮೇಜು ಅವರದು. ಆದರೆ ಕಣ್ಣಿಗೆ ಸಂಜೆಯ ಬೆಳಕು ಸಾಲದೆಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮುಂದೆ ಬೆಂಗಳೂರಿನ ಕಚೇರಿ ತೆರೆದು, ವಾರಕ್ಕೆರಡು ದಿನ ಅವಳು ಮತ್ತೆ ರೈಲು ಹತ್ತಬೇಕಾಯಿತು. ಆ ದಿನಗಳಲ್ಲಿ ಹಗಲೆಲ್ಲ ಮೇಜು ತೆರವಾಗಿರುತ್ತದೆ. ಅತ್ತೆಯವರು ಪರದೆಯನ್ನು ಇಳಿಸಿ, ಕುರ್ಚಿಯ ಮೇಲೆ ಕುಳಿತು, ಮಣೆಗಳ ಮೇಲೆ ಕಾಲಿಟ್ಟು, ತವರಿಗೆ ಕಾಗದ ಬರೆಯುತ್ತಾರೆ.