ಬಸವಕಲ್ಯಾಣದ ಬಸ್ಸು, ಮಿಲಿಂದನ ಮಾವು

ನಮ್ಮ ಕಡೆ ಕರ್ಮಕ್ಕೆ ಬಿಡುವೆಂಬುದೇ ಇಲ್ಲ. ಮಳೆ ಕೈಕೊಟ್ಟು ಸೋಯಾ ಒಣಗಿದರೂ ಅದೇ ಹೊಣೆ, ಮಗಳಿಗೆ ಗಂಡು ಕೂಡಿಬರದಿದ್ದರೂ ಅದೇ, ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸು ಕಣ್ಣೆದುರೇ ಹೊರಟುಹೋದರೂ ಅದೇ. "ಹಿಂದಿನ ಜನ್ಮದಾಗ ಏನ್ ಪಾಪ ಮಾಡಿದ್ದೆನೊ" ಎಂದು ನಿಟ್ಟುಸಿರು ಬಿಟ್ಟರೆ ಡ್ರೈವರನೂ ಪಾರು, ತಡವಾಗಿ ಎದ್ದ ನಾವೂ ಪಾರು.

ಇದಕ್ಕೆ ಬುದ್ಧನ ಬಳಿ ಮದ್ದಿತ್ತು. ಸೀವಕನೆಂಬ ಪರಿವ್ರಾಜಕ ಬಂದು, ಮನುಷ್ಯ ಉಣ್ಣುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಅನ್ನುತ್ತಾರಲ್ಲ, ನಿಜವೇ ಎಂದು ಕೇಳಿದ. ಬುದ್ಧ ಒಪ್ಪಲಿಲ್ಲ. ಕಾರಣಗಳು ಎಂಟು: ಪಿತ್ತ, ಕಫ, ವಾತ, ಮೂರೂ ಕೂಡಿ ಕೆಡುವುದು, ಋತು ಬದಲಾಗುವುದು, ಅಜಾಗರೂಕತೆ, ಪರರ ಪೆಟ್ಟು, ಕಟ್ಟಕಡೆಗೆ ಕರ್ಮ ಎಂದ. ಎಂಟರಲ್ಲಿ ಒಂದು! ಎದೆಯುರಿದರೆ ಮೊದಲು ಬೆಳಿಗ್ಗೆ ತಿಂದ ಮಿರ್ಚಿ ಭಜಿಯನ್ನು ನೆನೆಯಬೇಕು. ಆ ಎಂಟನೆಯದೂ ಹಣೆಬರಹವಲ್ಲ. ಮನಸ್ಸಿಟ್ಟು ಮಾಡಿದ್ದೇ ಕರ್ಮ ಎಂದವನು ಆತ. ಕಾಣದೆ ಇರುವೆ ತುಳಿದವನನ್ನೂ ಬೇಕೆಂದೇ ತುಳಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಬಸವಕಲ್ಯಾಣದಲ್ಲಿ ಕರ್ಮದ ಮಾತಿಗೆ ಬೇರೆಯೇ ತೂಕ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಈ ಊರಲ್ಲೇ. ಆಸ್ತಿ ಪಾಲಿನ ಮಾತು ಬಂದರೆ ವಕೀಲರು ಇಂದಿಗೂ ಅದರ ಹೆಸರೆತ್ತುತ್ತಾರೆ. ಆದರೆ ಅದು ಯಾವ ಯಾಜ್ಞವಲ್ಕ್ಯ ಸ್ಮೃತಿಯ ಟೀಕೆಯೋ, ಆ ಸ್ಮೃತಿಯ ಪ್ರಾಯಶ್ಚಿತ್ತದ ಭಾಗದಲ್ಲಿ ಇನ್ನೊಂದು ಪಾಲುಪಟ್ಟಿಯಿದೆ: ಬಂಗಾರ ಕದ್ದವನು ಹುಳು-ಹುಪ್ಪಟೆಯಾಗಿ ಹುಟ್ಟುತ್ತಾನೆ, ಹೆಂಡ ಕುಡಿದವನು ಕತ್ತೆಯಾಗಿ, ಇಲ್ಲವೆ ಪುಲ್ಕಸನಾಗಿ. ಕತ್ತೆಯ ಮಗ್ಗುಲಲ್ಲೇ ಒಂದು ಜಾತಿಯನ್ನೂ ಕಟ್ಟಿಹಾಕಿದ್ದಾರೆ ನೋಡಿ. ಅದೇ ದೊರೆಯ ರಾಜ್ಯದಲ್ಲಿ ಬೌದ್ಧರೂ ಇದ್ದರು. ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರದ ಸುದ್ದಿ 1095ರ ಡಂಬಳದ ಶಾಸನದಲ್ಲಿದೆ. ಮುಂದೆ ದೊರೆ ಬಿಜ್ಜಳನ ಕಾಲಕ್ಕೆ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟ. ಪಟ್ಟಿ ಹರಿಯಿತು. ಹರಿದವರ ಪಾಪಕ್ಕೆ ಮುಂದಿನ ಜನ್ಮದವರೆಗೆ ಯಾರೂ ಕಾಯಲಿಲ್ಲ, ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತು ಎನ್ನುತ್ತದೆ ಶರಣ ಪರಂಪರೆ. ಹರಳಯ್ಯನ ಗವಿ ಈಗಲೂ ಊರಲ್ಲಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಧಮ್ಮದೀಕ್ಷೆ ತಗೊಂಡಾಗ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ 18 ದಿನ ಬಾಕಿ. ಅವರು ತೀರಿಕೊಂಡ ಮೇಲೆ, 1957ರಲ್ಲಿ, ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾಯಿತು. ಸತ್ತ ಮೇಲೆ ಆತ್ಮ ಹಾರಿಹೋಗಿ ಇನ್ನೊಂದು ಮೈ ಹೊಗುವುದಿಲ್ಲ, ಮೈಯ ಧಾತುಗಳು ದೊಡ್ಡ ಧಾತುರಾಶಿಗೆ ಸೇರಿ ಮತ್ತೆ ಕೂಡಿಕೊಳ್ಳುತ್ತವೆ, ಪುನರ್ಜನ್ಮವೆಂದರೆ ಇಷ್ಟೇ ಎಂಬುದು ಅವರ ಓದು. ಬಡವನ ಬಡತನಕ್ಕೆ ಅವನ ಹಿಂದಿನ ಜನ್ಮವೇ ಕಾರಣವೆಂಬ ಮಾತು ಬುದ್ಧನದಾಗಿರಲಾರದು ಎಂದೂ ವಾದಿಸಿದರು. ಪಂಡಿತರು ತಕರಾರು ತೆಗೆಯುತ್ತಾರೆ. ಬೌದ್ಧರ ಪಾಲಿ ಗ್ರಂಥಗಳಲ್ಲೇ, ಸುಭನೆಂಬ ತರುಣ ಕೆಲವರು ಕೀಳಾಗಿ ಕೆಲವರು ಮೇಲಾಗಿ ಯಾಕೆ ಹುಟ್ಟುತ್ತಾರೆಂದು ಕೇಳಿದಾಗ ಬುದ್ಧ ಹಿಂದಿನ ಕರ್ಮವನ್ನೇ ತೋರಿಸುವ ಸುತ್ತವೊಂದಿದೆ. ಇದೆ, ನಿಜ. ಆದರೂ ಕಲ್ಯಾಣದ ಪಾಲುಪಟ್ಟಿ ಓದಿದ ನನಗೆ ಅಂಬೇಡ್ಕರರ ಸಿಟ್ಟೇ ಹೆಚ್ಚು ಅರ್ಥವಾಗುತ್ತದೆ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಕಾಕಾ ಇದನ್ನೆಲ್ಲ ಕೇಳಿ, "ಆತ್ಮನೇ ಇಲ್ಲಂದ್ರ ಮಾಡಿದ್ದು ಉಣ್ಣಾಂವ ಯಾರಪ್ಪ?" ಅಂದರು. ಗ್ರೀಕ ದೊರೆ ಮಿಲಿಂದನೂ ಭಿಕ್ಷು ನಾಗಸೇನನಿಗೆ ಹೆಚ್ಚುಕಡಿಮೆ ಇದನ್ನೇ ಕೇಳಿದ್ದ. ಮಾವು ಕದ್ದವನು, ನೀ ನೆಟ್ಟ ಮಾವೇ ಬೇರೆ, ನಾ ಕಿತ್ತ ಮಾವೇ ಬೇರೆ ಅಂದರೆ ಬಿಡ್ತೀಯಾ ಎಂದು ನಾಗಸೇನ ತಿರುಗಿ ಕೇಳಿದ. ಬಿಡುವುದಿಲ್ಲ, ಇದು ಅದರಿಂದಲೇ ಬಂದದ್ದು ಎಂದ ದೊರೆ.

ಕಾಕಾ ತುಸು ಹೊತ್ತು ಕಿಟಕಿಯಾಚೆ ನೋಡಿದರು. "ಹಾಂಗಾದ್ರ ಸೊಸೈಟಿ ಸಾಲ ತಗೊಂಡಾಂವ ನಾ ಅಲ್ಲ ಅನ್ಲಾಕ ಬರಂಗಿಲ್ಲ."

"ಬರಂಗಿಲ್ಲ ಕಾಕಾ."

"ಮತ್ತ ಸರ್ಕಾರ ಮನ್ನಾ ಮಾಡಿದ್ರ, ಅದು ಯಾರ ಪುಣ್ಯ?"

ನಾಗಸೇನ ಇದಕ್ಕೆ ಉತ್ತರ ಬಿಟ್ಟುಹೋಗಿಲ್ಲ.